ಪ್ರಿಂಟರಿನ ನಾಲಿಗೆ ಕೆಳಗೆ

ಸಂಜೆ ಆರಕ್ಕೆ ರಿಪೇರಿಯ ಮುನೇಶ ಬಂದು ಕಂಪ್ಯೂಟರನ್ನು ಪೂರಾ ಅಳಿಸಿ, ಹಳೇ ವಿಂಡೋಸ್ ಹಾಕಿಹೋಗುತ್ತಾನೆ ಎಂದು ಬಾಲರಾಜ್ ತಿಂಡಿ ತಿನ್ನುತ್ತಲೇ ಹೇಳಿಬಿಟ್ಟ. ಕೇಳಿದ್ದಲ್ಲ, ಹೇಳಿದ್ದು. ಅವನ ಹೆಂಡತಿ ಶಶಿರೇಖಾ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟಳು.

"ಪುಕ್ಸಟ್ಟೆ ಸಿಕ್ಕಿದ್ ಸಿಸ್ಟಮ್ಮು ಕಣೇ ಅದು, ಪುಕ್ಸಟ್ಟೆ ಥರಾನೇ ಇರುತ್ತೆ. ಚಿಕ್ಕಬೈರಪ್ಪನೋರ ಗೃಹಪ್ರವೇಶದ ಕಾರ್ಡು ನಾಳೆ ಕೊಡ್ಬೇಕು. ಪ್ರಿಂಟರ್ ನೋಡಿದ್ರೆ ಒಂದು ಹಾಳೇನೂ ಎಳೀತಿಲ್ಲ. ಇನ್ನೆಷ್ಟು ದಿನ ಗುದ್ದಾಡ್ತೀಯ?"

ಅವನ ಮಾತಿನಲ್ಲಿ ತಪ್ಪು ಹುಡುಕಲು ಆಗಲಿಲ್ಲ, ಅದೇ ಅವಳ ಸಂಕಟ.

ಕೊಡಿಗೇಹಳ್ಳಿಯ ಹಳೇ ಮನೆಯ ಜಗಲಿಗೆ ಷಟರ್ ಹಾಕಿಸಿ ಮಾಡಿದ ಟೈಪಿಂಗ್, ಜೆರಾಕ್ಸ್ ಅಂಗಡಿ ಅವಳದು. ಎಂಟು ವರ್ಷ ಅವಳ ಪಾಲಿಗೆ ಕಂಪ್ಯೂಟರ್ ಎಂದರೆ, ಕೆಟ್ಟರೆ ಬ್ಯಾಟರಾಯನಪುರದಿಂದ ಮುನೇಶನನ್ನು ಕರೆಸಬೇಕಾದ ಪೆಟ್ಟಿಗೆ, ಅಷ್ಟೇ. ಅವನು ಬಂದು ಪರದೆಗೆ ಬೆನ್ನು ಅಡ್ಡ ಕೊಟ್ಟು ಏನೋ ಮಾಡುತ್ತಿದ್ದ. ಏನು ಮಾಡಿದಿರಿ ಎಂದು ಕೇಳಿದರೆ "ಅದೆಲ್ಲ ನಿಮಗೆ ಬೇಡ ಬಿಡಿ ಅಕ್ಕ" ಎನ್ನುತ್ತಿದ್ದ. ಎರಡು ತಿಂಗಳ ಹಿಂದೆ ವೈರಸ್ ಬಂದು ಫೈಲುಗಳನ್ನೆಲ್ಲ ನುಂಗಿ ನೀರು ಕುಡಿಯಿತು. ಆಗ ಪ್ರಾಜೆಕ್ಟ್ ಪ್ರಿಂಟಿಗೆ ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ವಿಂಡೋಸಿನ ಬದಲಿಗೆ ಹಾಕುವ, ಉಬುಂಟು ಎಂದು ಬರೆದ ಸಿಡಿ ಕೊಟ್ಟು, "ಇದಕ್ಕೆ ಆ ಕಾಟ ಕಮ್ಮಿ ಆಂಟಿ, ನೀವೇ ಹಾಕ್ಕೋಬಹುದು" ಎಂದಳು. ನೀವೇ ಎಂಬ ಒಂದು ಮಾತು ಸಾಕಾಯಿತು ನಮ್ಮ ಶಶಿರೇಖಾಳಿಗೆ.

ಹಾಕಿಕೊಂಡಳು. ಮೊದಲ ದಿನ ಸ್ಕ್ಯಾನರ್ ಮುಷ್ಕರ ಹೂಡಿತು, ಆಮೇಲೆ ಸ್ಪೀಕರ್, ಆಮೇಲೆ ಕನ್ನಡದ ಕೀಲಿಗಳು. ಇಂಟರ್ನೆಟ್ಟಿನಲ್ಲಿ ಯಾರು ಯಾರೋ ಬರೆದಿಟ್ಟ ಉತ್ತರ ಓದಿ, ಪರದೆಯ ಮೇಲೆ ತೆರೆಯುವ ಕಪ್ಪು ಕಿಟಕಿಯಲ್ಲಿ ಒಂದೊಂದೇ ಆಜ್ಞೆಯ ಸಾಲು ಟೈಪಿಸಿ, ಒಂದೊಂದನ್ನೇ ದಾರಿಗೆ ತಂದಳು. ಈ ಪೆಟ್ಟಿಗೆ ಕೇಳಿದ್ದಕ್ಕೆ ಉತ್ತರ ಹೇಳುತ್ತದೆ ಎಂದು ಗೊತ್ತಾದ ದಿನ ಅವಳಿಗೆ ಆದ ಖುಷಿ ಅಷ್ಟಿಷ್ಟಲ್ಲ. ಸುಮ್ಮಸುಮ್ಮನೆ ಏನಾದರೂ ಕೇಳುತ್ತಾ ಕೂರುತ್ತಿದ್ದಳು. ಈಗ ಅದನ್ನೆಲ್ಲ ಅಳಿಸಿ ಮತ್ತೆ ಮುನೇಶನ ಬೆನ್ನು ನೋಡುತ್ತಾ ನಿಲ್ಲಬೇಕು. ಅವಳಿಗೆ ಅಳು ಬಂತು.

ಹಬ್ಬದ ರಜೆ ಮುಗಿಸಿ ಅಂಗಡಿ ತೆಗೆದಾಗಿನಿಂದ ಪ್ರಿಂಟರ್ ಒಂದೇ ಹಟ ಹಿಡಿದಿತ್ತು. ಪ್ರಿಂಟ್ ಕೊಟ್ಟರೆ ಪರದೆಯ ಮೇಲೆ ಪೇಪರ್ ಜಾಮ್ ಎಂದು ಬರುತ್ತಿತ್ತು. ಮುಚ್ಚಳ ತೆಗೆದು ನೋಡಿದರೆ ಒಂದು ಚೂರು ಕಾಗದವೂ ಸಿಕ್ಕಿಕೊಂಡಿರಲಿಲ್ಲ. ಫೋನಿನಲ್ಲಿ ಮುನೇಶ ನಕ್ಕಿದ್ದ. "ಆ ಸಿಸ್ಟಮ್ಮೇ ಸುಳ್ಳು ಹೇಳುತ್ತೆ ಅಕ್ಕ. ಡ್ರೈವರ್ ಸರಿ ಇರಲ್ಲ." ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವಳಲ್ಲ ಶಶಿರೇಖಾ. ಆದರೂ ಇದನ್ನು ಮಾತ್ರ ನಂಬಿದಳು. ಪ್ರಿಂಟರನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ನಾಲ್ಕು ಸಲ ತೆಗೆದು ನಾಲ್ಕು ಸಲ ಹಾಕಿದಳು. ಇವತ್ತು ಮಧ್ಯಾಹ್ನ ಮೂರಾದರೂ ಅದೇ ಹಾಡು, ಅದೇ ರಾಗ.

ಅತ್ತೆ ಮುನಿಕೆಂಪಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಏನಂತೆ ಅದು ಏಳ್ತಿರೋದು?"

"ಬಾಯಲ್ಲಿ ಏನೋ ಸಿಕ್ಕಾಕ್ಕೊಂಡೈತೆ ಅಂತಿದೆ ಅತ್ತೆ. ಸುಳ್ಳು, ಏನೂ ಇಲ್ಲ."

"ಸುಳ್ಳು ಏಳಿ ಅದಕ್ಕೇನ್ ಬರಬೇಕು? ಅಸ ಉಲ್ಲು ಬಿಟ್ರೆ ಬಾಯ್ ನೋಡ್ತೀವೋ, ಪಂಚಾಂಗ ನೋಡ್ತೀವೋ?"

"ನೋಡ್ದೆ ಅತ್ತೆ."

"ಮೇಲ್ ಮೇಲೆ ನೋಡಿರ್ತೀಯ. ನಮ್ಮ ಕೆಂದಸಕ್ಕೆ ಮುಳ್ಳು ಚುಚ್ಕೊಂಡಿದ್ದು ನಾಲಿಗೆ ಕೆಳಗೆ. ಮೂರು ದಿನ ಯಾರಿಗೂ ಕಾಣ್ಲಿಲ್ಲ."

ಶಶಿರೇಖಾ ಎದ್ದಳು. ಪ್ರಿಂಟರಿನ ತಂತಿ ಕಿತ್ತು, ಕಾಗದದ ತಟ್ಟೆ ಎಳೆದು, ಪ್ರಿಂಟರನ್ನೇ ಮಗ್ಗುಲಿಗೆ ಮಲಗಿಸಿದಳು. ಅತ್ತೆ ಮೊಬೈಲಿನ ಟಾರ್ಚ್ ಹಿಡಿದಳು. ರೋಲರಿನ ಹಿಂದೆ ಕಿರುಬೆರಳಿನುಗುರಿನಷ್ಟು ಒಂದು ಕಪ್ಪು ಕಡ್ಡಿ ಇತ್ತು. ಕಾಗದ ಬಂದಾಗ ಬಾಗಿ, ಹೋದ ಮೇಲೆ ಏಳಬೇಕಾದ ಕಡ್ಡಿ. ಅದು ಬಾಗಿಯೇ ನಿಂತಿತ್ತು, ಕಾಗದ ಇನ್ನೂ ಒಳಗೇ ಇದೆ ಎಂದು ಪ್ರಿಂಟರ್ ತಿಳಿದಿತ್ತು. ಹೇರ್‌ಪಿನ್ನಿನಿಂದ ಮೆಲ್ಲಗೆ ಮೀಟಿದಳು. ಟಿಕ್ಕೆಂದು ಮೇಜಿನ ಮೇಲೆ ಬಿತ್ತು, ಅರಿಶಿನ ಮೆತ್ತಿದ ಒಂದು ಅಕ್ಕಿಕಾಳು. ಹಿಂದೆಯೇ ಇನ್ನೆರಡು. ಕಡ್ಡಿ ಮೇಲೆದ್ದಿತು.

ಅತ್ತೆ, ಸೊಸೆ ಇಬ್ಬರೂ ಆ ಕಾಳುಗಳನ್ನೇ ನೋಡಿದರು. ಆಯುಧಪೂಜೆಯ ದಿನ ಮನೆಯ ಬೈಕು, ಕುಡುಗೋಲು, ಮಿಕ್ಸಿ, ಕಂಪ್ಯೂಟರುಗಳಿಗೆಲ್ಲ ಕುಂಕುಮ ಇಟ್ಟು ಅಕ್ಷತೆ ಹಾಕಿದ್ದು ಮುನಿಕೆಂಪಮ್ಮ. ಈ ಮನೆಯಲ್ಲಿ ಆ ಕೆಲಸ ಮೂವತ್ತು ವರ್ಷದಿಂದ ಅವಳದೇ. ಪ್ರಿಂಟರಿನ ಬಾಯಿ ತೆರೆದಿದ್ದ ಜಾಗ ನೋಡಿ ಒಂದು ಹಿಡಿ ಜಾಸ್ತಿಯೇ ಹಾಕಿದ್ದಳೇನೋ. ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದಳು.

ಶಶಿರೇಖಾ ತಟ್ಟೆ ಜೋಡಿಸಿ ತಂತಿ ಸಿಕ್ಕಿಸಿದಳು. ಪ್ರಿಂಟರ್ ಗೊರಗುಟ್ಟಿ, ಚಿಕ್ಕಬೈರಪ್ಪನವರ ಮೊದಲ ಕಾರ್ಡನ್ನು ಬಿಸಿಬಿಸಿಯಾಗಿ ಹೊರಹಾಕಿತು. ಅಯ್ಯೋ ಪಾಪ, ಮೂರು ದಿನದಿಂದ ನಿಜವನ್ನೇ ಹೇಳುತ್ತಿತ್ತಲ್ಲ ಇದು ಎಂದು ಅವಳಿಗೆ ಕೆಡುಕೆನಿಸಿತು.

ಆರಕ್ಕೆ ಸರಿಯಾಗಿ ಬಾಲರಾಜ್ ಮುನೇಶನನ್ನು ಕರೆದುಕೊಂಡು ಬಂದ. ಕಾರ್ಡುಗಳು ಮೇಜಿನ ಮೇಲೆ ಸಾಲಾಗಿ ಕೂತಿದ್ದವು.

"ಆಗೋಯ್ತಾ? ಏನಾಗಿತ್ತು?" ಎಂದ ಬಾಲರಾಜ್.

ಶಶಿರೇಖಾ ಬಾಯಿ ತೆರೆದಳು. ಒಳಬಾಗಿಲಲ್ಲಿ ಅತ್ತೆ ನಿಂತಿದ್ದು ಕಂಡಿತು. ಅಕ್ಷತೆ ಸಿಕ್ಕಿಕೊಂಡಿತ್ತು ಎಂದು ಹೇಳಿದರೆ ಸಿಸ್ಟಮ್ ಉಳಿಯುತ್ತದೆ, ಆದರೆ ಹೊರಗಿನವನ ಮುಂದೆ ಹಿರಿಯರನ್ನು ಕೆಳಗೆ ಹಾಕಿದಂತಾಗುತ್ತದೆ. ನಾಳೆ ಊರಲ್ಲೆಲ್ಲ ಅದೇ ನಗೆಪಾಟಲು.

"ಏನೋ ಸೆಟ್ಟಿಂಗ್ ಇತ್ತು ರೀ" ಎಂದಳು ಮೆಲ್ಲಗೆ.

"ನಾನ್ ಹೇಳ್ಲಿಲ್ವಾ ಅಣ್ಣ" ಎಂದು ಮುನೇಶ ಬ್ಯಾಗಿನ ಜಿಪ್ ಎಳೆದ. "ಇವತ್ತು ಸೆಟ್ಟಿಂಗ್, ನಾಳೆ ಇನ್ನೊಂದು. ಪೂರ್ತಿ ತೆಗ್ದಾಕ್ಬಿಡೋಣ." ಕುರ್ಚಿ ಎಳೆದು, ಪರದೆಗೆ ಬೆನ್ನು ಅಡ್ಡ ಮಾಡಿ ಕೂತ. ಶಶಿರೇಖಾ ಗೋಡೆಗೆ ಒರಗಿ ನಿಂತಳು. ಸಿಡಿ ಒಳಗೆ ಹೋಗುವ ಸದ್ದಾಯಿತು.

"ಏಳಪ್ಪ ಮೇಲೆ" ಎಂದಳು ಮುನಿಕೆಂಪಮ್ಮ.

ಮುನೇಶ ತಿರುಗಿದ.

"ಸೆಟ್ಟಿಂಗೂ ಇಲ್ಲ ಗಿಟ್ಟಿಂಗೂ ಇಲ್ಲ. ನಾನ್ ಆಕಿದ್ ಅಕ್ಷತೆ ಅದರ ಗಂಟಲಲ್ಲಿತ್ತು. ಪಾಪ ಅದು ಬಡ್ಕೊಂತಾನೇ ಇತ್ತು, ನೀನೇ ಸುಳ್ಳು ಅಂದೆ. ಇವಳು ನನ್ ಮರ್ಯಾದೆ ಉಳಿಸಕ್ಕೆ ಬಾಯ್ ಮುಚ್ಕೊಂಡವ್ಳೆ." ಅವಳು ಸೊಸೆಯ ಕಡೆಗೆ ನೋಡಲಿಲ್ಲ. "ಆ ಕುರ್ಚಿ ಅವಳ್ದು."

ಮುನೇಶ ಎದ್ದು ನಿಂತ.