ಇನ್ನಾರೂ ಕುಡಿಯಬಾರದಿದ್ದ ಲೋಟ

ನಾನು ಒಂದು ಸಿಲ್ವಾರದ ಲೋಟ. ಪುಸ್ತಕದಲ್ಲಿ ಅಲ್ಯೂಮಿನಿಯಂ ಎಂದು ಬರೆಯುತ್ತಾರೆ. ಆದರೆ ನನ್ನಲ್ಲಿ ಕುಡಿದವರು ಯಾರೂ ನನ್ನನ್ನು ಹಾಗೆ ಕರೆದವರಲ್ಲ. ಮೈಸೂರಿನ ಒಂದು ಓಣಿಯಲ್ಲಿ, ತಗಡಿನ ಮಾಡಿನ ಕೆಳಗೆ ಹುಟ್ಟಿದೆ. ದುಂಡನೆಯ ತಗಡನ್ನು ಅಚ್ಚಿನ ಮೇಲಿಟ್ಟರು, ಯಂತ್ರ ಅದುಮಿತು, ನನಗೊಂದು ಹೊಟ್ಟೆ ಬಂತು. ಆಮೇಲೆ ಒಬ್ಬ ಕೆಲಸಗಾರ ನನ್ನ ಬಾಯಂಚನ್ನು ಹೊರಕ್ಕೆ ಮಡಿಸಿ ನಯ ಮಾಡಿದ. ಕುಡಿಯುವವರ ತುಟಿ ಕೊಯ್ಯಬಾರದಲ್ಲ, ಅದಕ್ಕೆ. ಯಾರ ತುಟಿ ಎಂದು ಅವನು ಕೇಳಲಿಲ್ಲ. ಲೋಕ ಹೀಗೇ ಇರುತ್ತದೆ ಎಂದು ನಾನು ನಂಬಿದೆ. ಎಳೆಯ ಲೋಟ, ಏನು ತಿಳಿದೀತು.

ನರಸೀಪುರದ ಕಡೆಯ ಒಂದು ಊರಿನ ಬಸಪ್ಪಾಜಿ ತನ್ನ ಟೀ ಹೋಟೆಲಿಗೆ ನನ್ನನ್ನು ಕೊಂಡುಹೋದ. ಒಳಗೆ ಗಾಜಿನ ಲೋಟಗಳು ಸಾಲಾಗಿ ಮಿಂಚುತ್ತಿದ್ದವು. ನನ್ನನ್ನು ಅವುಗಳ ಪಕ್ಕದಲ್ಲಿ ಇಡಲಿಲ್ಲ. ಹೊರಗೋಡೆಯಲ್ಲಿ, ಚಪ್ಪಲಿ ಬಿಡುವ ಜಾಗದ ಮೇಲೆ ಒಂದು ಗೂಡಿತ್ತು, ಅಲ್ಲಿಟ್ಟ. ಹೊಲಗೇರಿಯವರು ಬಂದರೆ ನನ್ನನ್ನು ಅವರೇ ಎತ್ತಿಕೊಳ್ಳಬೇಕು, ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನನ್ನು ಮುಂದಕ್ಕೆ ಚಾಚಬೇಕು. ಬಸಪ್ಪಾಜಿ ಮೊಳದೆತ್ತರದಿಂದ ಟೀ ಸುರಿಯುತ್ತಿದ್ದ. ಎತ್ತರದಿಂದ ಬೀಳುವ ಟೀಗೆ ಒಂದು ಸದ್ದಿದೆ. ಆ ಸದ್ದು ನನ್ನ ತಳದಲ್ಲಿ ಇಂದಿಗೂ ಇದೆ. ನಾನು ಬೇಗ ಕಾಯುವ ಜಾತಿ. ಪಂಚೆಯ ತುದಿಯಲ್ಲಿ ಹಿಡಿದು, ಊದಿ ಊದಿ ಕುಡಿದು, ತೊಳೆದು, ಮತ್ತೆ ಗೂಡಿನಲ್ಲಿ ಬೋರಲು ಹಾಕಿ ಹೋಗುತ್ತಿದ್ದರು. ದಿನವೆಲ್ಲ ಬೇರೆಯವರ ಗದ್ದೆಯಲ್ಲಿ ದುಡಿದು ಬಂದವರು ತಮ್ಮ ಟೀಗೆ ಕಾಸನ್ನೂ ಕೊಟ್ಟು, ಲೋಟವನ್ನೂ ತೊಳೆದು ಹೋಗುವುದನ್ನು ನಾನು ಕೆಳಗಿನಿಂದ ನೋಡಿದ್ದೇನೆ. ಕುಡಿಯುವವನ ಗಂಟಲು ಹೇಗೆ ಏರಿಳಿಯುತ್ತದೆ ಎನ್ನುವುದು ಲೋಟಕ್ಕೆ ಗೊತ್ತಾಗುವಷ್ಟು ದೇವರಿಗೂ ಗೊತ್ತಾಗುವುದಿಲ್ಲ. ಅವರು ಟೀಯ ಜೊತೆ ಇನ್ನೇನನ್ನೋ ನುಂಗುತ್ತಿದ್ದರು.

ಹಾಗೆ ನುಂಗಿದವರಲ್ಲಿ ಹೊನ್ನಯ್ಯನ ಅಪ್ಪನೂ ಒಬ್ಬ. ಹೊನ್ನಯ್ಯ ನುಂಗಲಿಲ್ಲ. ಅವನು ಪಟ್ಟಣದಲ್ಲಿ ಹಾಸ್ಟೆಲಿನಲ್ಲಿ ಓದಿ, ಅಲ್ಲಿಯ ಓದಿನ ಕೂಟಗಳಲ್ಲಿ ಕೂತೆದ್ದು ಬಂದಿದ್ದ. ಒಂದು ಬೆಳಿಗ್ಗೆ ಗೆಳೆಯರ ಜೊತೆ ನೇರ ಒಳಗೆ ಹೋಗಿ ಬೆಂಚಿನ ಮೇಲೆ ಕೂತು, ಗಾಜಿನ ಲೋಟದಲ್ಲಿ ಟೀ ಕೊಡು ಎಂದ. ಬಸಪ್ಪಾಜಿ ಒಲೆ ಆರಿಸಿದ. ಆಮೇಲೆ ಏನೇನಾಯಿತು ಎನ್ನುವುದು ಇಂಥ ಊರುಗಳಲ್ಲಿ ಬದುಕಿದವರಿಗೆ ಹೇಳಬೇಕಾಗಿಲ್ಲ. ಹೊನ್ನಯ್ಯನ ಹುಬ್ಬಿನ ಮೇಲೆ ಆಗ ಆದ ಗಾಯದ ಗೆರೆ ಈಗಲೂ ಇದೆ. ಕೇರಿಗೆ ಕೂಲಿ ನಿಂತಿತು, ಅಂಗಡಿ ಮುಚ್ಚಿತು. ಅವರು ಜಗ್ಗಲಿಲ್ಲ. ಕೊನೆಗೆ ಅಧಿಕಾರಿಗಳ ಜೀಪು ಬಂತು, ಬಸಪ್ಪಾಜಿ ಎಲ್ಲರಿಗೂ ಒಂದೇ ಬಗೆಯ ಲೋಟದಲ್ಲಿ ಟೀ ಕೊಟ್ಟ. ಅಂದು ಹೊನ್ನಯ್ಯ ಗೂಡಿನಿಂದ ನನ್ನನ್ನು ಎತ್ತಿಕೊಂಡು ಮನೆಗೆ ನಡೆದ.

ಮನೆಯಲ್ಲಿ ನನ್ನ ಕತ್ತಿಗೆ ತಂತಿ ಸುತ್ತಿ, ಬಾಬಾಸಾಹೇಬರ ಪಟದ ಕೆಳಗೆ ಮೊಳೆ ಹೊಡೆದು ನೇತುಹಾಕಿದ. ಅವನ ಮನೆಯಲ್ಲೇ ಭಾನುವಾರದ ಓದಿನ ಕೂಟ ಶುರುವಾಯಿತು. ಹೊಸಬರು ಬಂದಾಗಲೆಲ್ಲ ಹೊನ್ನಯ್ಯ ನನ್ನನ್ನು ಮೊಳೆಯಿಂದ ಬಿಚ್ಚಿ ಕೈಯಿಂದ ಕೈಗೆ ದಾಟಿಸಿ ಹೇಳುತ್ತಿದ್ದ: "ಇದ್ರಲ್ಲಿ ನಮ್ಮಪ್ಪ ಕುಡ್ದ. ಇನ್ನಾರೂ ಕುಡೀಬಾರ್ದು."

ಆ ಮನೆಯ ಹೆಮ್ಮೆಯೆಂದರೆ ಟೀ. ಕೂಟಕ್ಕೆ ಬಂದವರ ಜಾತಿ ಯಾವುದೇ ಇರಲಿ, ಎಲ್ಲರೂ ಹೊನ್ನಯ್ಯನ ಮನೆಯ ಸ್ಟೀಲು ಲೋಟಗಳಲ್ಲಿ ಕುಡಿಯುತ್ತಿದ್ದರು. ಅವನ ಹೆಂಡತಿ ದೇವೀರಮ್ಮ ಖಾಲಿಯಾದ ಲೋಟಗಳನ್ನು ಎಣಿಸುವವಳಂತೆ ನೋಡುತ್ತ ನಿಲ್ಲುತ್ತಿದ್ದಳು. ಯಾರಾದರೂ ಕುಡಿಯದೆ ಬಿಟ್ಟರೆ ಅವಳ ಮುಖ ಕಂದುತ್ತಿತ್ತು. ಅವಳ ಮನೆಯ ನೀರನ್ನು ಊರು ಮುಟ್ಟದಿದ್ದ ಕಾಲವನ್ನು ಅವಳು ಮರೆತಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು, ವಿಶಾಖ. ಬುದ್ಧನ ಕಾಲದ ಹೆಣ್ಣೊಬ್ಬಳ ಹೆಸರದು. ಕೂಟದಲ್ಲಿ ಓದಿದ ಪುಸ್ತಕದಿಂದ ಹೊನ್ನಯ್ಯ ಹೆಕ್ಕಿದ್ದು. ದೇವೀರಮ್ಮನ ಬಾಯಲ್ಲಿ ಅದು ಇಸಾಕಿ ಆಯಿತು. ಹುಡುಗಿ ಬೆಳೆದು ಪಕ್ಕದೂರಿನ ಶಾಲೆಯಲ್ಲಿ ಮೇಡಂ ಆದಳು. ಕೂಟದಲ್ಲಿ ಅಕ್ಷರ ಬಾರದವರು ಅರ್ಧಕ್ಕರ್ಧ. ಅವರಿಗೆಲ್ಲ ಪುಸ್ತಕ ಓದಿ ಹೇಳುವ ಕೆಲಸ ಅವಳದು. ಕಿಟಕಿಯ ಪಕ್ಕದ ಚಾಪೆ ಅವಳ ಜಾಗ. ಅವಳು ಓದುವಾಗ ಕಲ್ಲು ಹೊರುವವರೂ ಕೆಮ್ಮು ತಡೆದು ಕೂರುತ್ತಿದ್ದರು. "ಇಸಾಕವ್ವ ಓದುದ್ರೆ ಅಕ್ಸರ ನಮ್ಮ ಜೊತೆ ಮಾತಾಡ್ದಂಗೆ" ಎಂದು ನಿಂಗರಾಜ ಎನ್ನುವ ಗಾರೆ ಕೆಲಸದವನು ಹೇಳುತ್ತಿದ್ದ.

ಅವಳಲ್ಲಿ ಬದಲಾವಣೆ ಬಂದದ್ದನ್ನು ಮೊದಲು ಕಂಡವನು ನಾನು. ಗೋಡೆಯ ಮೇಲಿರುವವರಿಗೆ ಬೇರೇನು ಕೆಲಸ. ಅವಳು ನಿದ್ದೆ ಬಿಟ್ಟಳು, ಊಟ ಬಿಟ್ಟಳು. ಶಾಲೆಯಿಂದ ಬಂದವಳು ನನ್ನ ಎದುರು ಕೂತು ಏನನ್ನೋ ಆಲಿಸುತ್ತಿದ್ದಳು. ಯಾರೋ ತನ್ನನ್ನು ಬೈಯುತ್ತಿದ್ದಾರೆ ಎನ್ನುತ್ತಿದ್ದಳು, ಗೋಡೆಯೊಳಗಿಂದ, ಬಿಡದೆ. ಒಮ್ಮೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ನಿಂಗೂ ಕೇಳ್ತದಾ?"

ನನಗೆ ಕೇಳುತ್ತಿರಲಿಲ್ಲ. ಆದರೆ ಅವಳಿಗೆ ಕೇಳುತ್ತಿತ್ತು, ಅದು ಸುಳ್ಳಲ್ಲ. ಈ ಎರಡು ಮಾತನ್ನು ಒಟ್ಟಿಗೆ ಹಿಡಿದುಕೊಳ್ಳಲು ಆ ಮನೆಯಲ್ಲಿ ಯಾರಿಗೂ ಬರಲಿಲ್ಲ.

ದೇವೀರಮ್ಮ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿಕೊಂಡು ಬಂದಳು. ಹೊನ್ನಯ್ಯ ಅದನ್ನು ಕಿತ್ತೆಸೆದ. ಮೂಢನಂಬಿಕೆಯ ವಿರುದ್ಧ ಊರೂರು ತಿರುಗಿ ಮಾತಾಡಿದವನು ಅವನು. ಸರಿ, ತಾಯಿತ ಎಸೆದವನು ಡಾಕ್ಟರ ಹತ್ತಿರ ಕರೆದುಕೊಂಡು ಹೋದನೇ? ಇಲ್ಲ. ಸಂಜೆ ಹೆಂಡತಿಯ ಹತ್ತಿರ ಗೊಣಗಿದ್ದು ನನಗೆ ಕೇಳಿತು. ಮೇಲಿನ ಬೀದಿಯವರು ಕಾಯುತ್ತ ಕೂತಿದ್ದಾರೆ, ಹೊಲಗೇರಿಯವರಿಗೆ ಓದು ಹತ್ತುವುದಿಲ್ಲ, ಓದಿಸಿದ್ದಕ್ಕೆ ಹೊನ್ನಯ್ಯನ ಮಗಳಿಗೆ ತಲೆ ಕೆಟ್ಟಿತು ಎಂದು ಆಡಿಕೊಳ್ಳುತ್ತಾರೆ, ಇಷ್ಟು ವರ್ಷದ ಹೋರಾಟ ನೀರುಪಾಲು. ಹೀಗೆ ಬಸಪ್ಪಾಜಿಗೆ ಹೆದರದವನು ಬಸಪ್ಪಾಜಿಯ ನಗುವಿಗೆ ಹೆದರಿದ.

ಆ ಹೆದರಿಕೆಗೆ ಬೆಲೆ ತೆತ್ತವಳು ವಿಶಾಖ. ಒಂದು ಮಧ್ಯಾಹ್ನ ನಾಲೆಯ ಏರಿಯ ಮೇಲೆ ಒಬ್ಬಳೇ ನಡೆದು ಹೋಗಿ ನೀರಿಗೆ ಇಳಿಯುತ್ತಿದ್ದವಳನ್ನು ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈಹಿಡಿದು ಎಳೆದುಕೊಂಡು ಬಂದರು. ಗೋಡೆಯವರು ಹೋಗು ಎಂದರಂತೆ. ಕಾಲು ಜಾರಿತು ಎಂದು ಹೊನ್ನಯ್ಯ ಹೇಳಿದ. ಆಗ ಮಾತ್ರ ಅವಳನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಕೂಟದವರಿಗೆ ಹುಣಸೂರಿನ ಚಿಕ್ಕವ್ವನ ಮನೆಗೆ ಹೋಗಿದ್ದಾಳೆ ಎಂದರು. ಚಾಪೆಯ ಮೇಲೆ ಬೇರೆ ಯಾರೋ ಕೂತು ತಡವರಿಸುತ್ತ ಓದಿದರು. ಒಂದು ಭಾನುವಾರ ನಿಂಗರಾಜ ತನ್ನ ವಾಡಿಕೆಯಂತೆ ಯಾವನೋ ಮಂತ್ರಿಯನ್ನು ಬೈಯುತ್ತ, "ಅವ್ನ ಹುಚ್ಚಾಸ್ಪತ್ರೆಗೆ ಹಾಕ್ಬೇಕು ಕನಣ್ಣೋ" ಎಂದಾಗ ಎಲ್ಲರೂ ನಕ್ಕರು. ಹೊನ್ನಯ್ಯನೂ ನಕ್ಕ.

ವಿಶಾಖ ವಾಪಸು ಬಂದಳು. ಮೈ ಸ್ವಲ್ಪ ಊದಿತ್ತು, ಬೆರಳು ಸಣ್ಣಗೆ ನಡುಗುತ್ತಿತ್ತು. ಆದರೆ ಕಣ್ಣು ಅವಳದೇ ಕಣ್ಣು. ಗೋಡೆ ಸುಮ್ಮನಾಗಿತ್ತು. ದಿನಾ ಮಾತ್ರೆ ನುಂಗಬೇಕು, ಅದರಿಂದ ಬಾಯಿ ಒಣಗುತ್ತದೆ, ಆಗಾಗ ನೀರು ಕುಡಿಯುತ್ತಿರು ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಬಂದ ದಿನವೇ ಅವಳು ನೀರು ಕೇಳಿದಳು.

ದೇವೀರಮ್ಮ ಸ್ಟೀಲು ಲೋಟಕ್ಕೆ ಕೈ ಹಾಕಿದಳು. ಹಾಕಿದ ಕೈ ಹಿಂದಕ್ಕೆ ಬಂತು. ಅತ್ತಿತ್ತ ನೋಡಿ, ಗೋಡೆಯ ಹತ್ತಿರ ಬಂದು ನನ್ನನ್ನು ಮೊಳೆಯಿಂದ ಬಿಚ್ಚಿದಳು. ದೂಳು ತೊಳೆದು ಮಗಳ ಕೈಗಿತ್ತು, ಚೊಂಬನ್ನು ಮೇಲೆತ್ತಿ, ತಾಗದ ಹಾಗೆ ನೀರು ಸುರಿದಳು.

ಆ ಸದ್ದು. ನನ್ನ ತಳಕ್ಕೆ ಅದು ತಕ್ಷಣ ಗುರುತು ಸಿಕ್ಕಿತು. ಎಷ್ಟೋ ವರ್ಷದ ಮೇಲೆ, ಹೊನ್ನಯ್ಯನ ಮನೆಯಲ್ಲೇ, ಬಾಬಾಸಾಹೇಬರ ಪಟದ ಕೆಳಗೇ.

"ಬೇಜಾರ್ ಮಾಡ್ಕಬೇಡ ಕೂಸೇ" ಎಂದಳು ದೇವೀರಮ್ಮ. "ತಲೆ ಕೆಟ್ಟೋರ ಎಂಜಲು ಕುಡುದ್ರೆ ಅಂಟ್ಕತದೆ ಅಂತಾರೆ ಜನ. ನಿಜವೋ ಸುಳ್ಳೋ ನಂಗೇನ್ ಗೊತ್ತು. ಈ ಮನೆ ನೀರ ಯಾರೂ ಮುಟ್ದೆ ಇದ್ದ ಕಾಲ ಕಂಡಿವ್ನಿ ಕನವ್ವ. ಬಂದೋರು ಮತ್ತೆ ಲೋಟ ಬುಟ್ಟು ಎದ್ದೋದ್ರೆ ನಾನು ಬದುಕ್ನಾರೆ."

ವಿಶಾಖ ಕುಡಿದು, ನನ್ನನ್ನು ತಾನೇ ತೊಳೆದು, ಹಿತ್ತಿಲ ಕಿಟಕಿಯಲ್ಲಿ ಬೋರಲು ಹಾಕಿದಳು. ಯಾರು ಹೇಳಿಕೊಟ್ಟರು ಅವಳಿಗೆ ಅದನ್ನು? ಅವಳು ಹುಟ್ಟುವ ಮೊದಲೇ ನಿಂತುಹೋಗಿದ್ದ ಪದ್ಧತಿ ಅದು. ಆದರೆ ಬೇರೆ ಲೋಟ ಕೈಗೆ ಬಂದಾಗ ಮನುಷ್ಯರಿಗೆ ತಮ್ಮ ಜಾಗ ತಾನಾಗಿಯೇ ತಿಳಿದುಬಿಡುತ್ತದೆ. ಅವತ್ತು ಅವಳ ಗಂಟಲೂ ನೀರಿನ ಜೊತೆ ಇನ್ನೇನನ್ನೋ ನುಂಗಿತು. ಬಸಪ್ಪಾಜಿಯ ಅಂಗಳದಲ್ಲಿ ಅವಳ ತಾತನ ಗಂಟಲು ನುಂಗಿದ್ದು ಕೂಡ ಅದನ್ನೇ.

ಆಮೇಲಿನ ಭಾನುವಾರಗಳಲ್ಲಿ ಜನ ಬಂದಾಗ ಅವಳು ಹಿತ್ತಿಲ ಕಡೆ ಕೂರುತ್ತಿದ್ದಳು. ಒಳಗೆ ಓದುವವನು ತಪ್ಪಿದಾಗಲೆಲ್ಲ ಅವಳ ತುಟಿ ಇಲ್ಲಿ ತಿದ್ದಿ ಓದುತ್ತಿತ್ತು. ಶಾಲೆಯವರು ಸದ್ಯಕ್ಕೆ ಬರಬೇಡಿ ಎಂದಿದ್ದರು. ಆ ಚಾಪೆಯೂ ಹೋದರೆ ಅವಳಿಗೆ ಉಳಿಯುವುದು ಈ ಕಿಟಕಿ, ನಾನು, ಮತ್ತು ಸುಮ್ಮನಾದ ಗೋಡೆ. ಎಷ್ಟು ದಿನ ಅದು ಸುಮ್ಮನಿದ್ದೀತು?

ಹೊನ್ನಯ್ಯನಿಗೆ ಖಾಲಿ ಮೊಳೆ ಕಾಣಲಿಲ್ಲವೇ ಎಂದು ನೀವು ಕೇಳಬಹುದು. ಹೊರಗಿನ ಗೋಡೆಗಳನ್ನು ನೋಡಿ ನೋಡಿ ಅವನ ಕಣ್ಣು ದೂರಕ್ಕೇ ಹೊಂದಿಕೊಂಡಿತ್ತು.

ಕೊನೆಗೆ ಒಂದು ಭಾನುವಾರ ಪಟ್ಟಣದ ಕಾಲೇಜಿನಿಂದ ಹೊಸ ಹುಡುಗ ಹುಡುಗಿಯರು ಬಂದರು. ಹೊನ್ನಯ್ಯ ವಾಡಿಕೆಯಂತೆ ಎದ್ದು, ಹಳೆಯ ಹೋರಾಟದ ಕಥೆ ಹೇಳುತ್ತ, ನೋಡದೆಯೇ ಮೊಳೆಯ ಕಡೆ ಕೈ ಚಾಚಿದ. ಕೈಗೆ ಮೊಳೆ ಚುಚ್ಚಿತು. ತಿರುಗಿ ನೋಡಿ, "ಲೋಟ ಎಲ್ಲಮ್ಮಿ?" ಎಂದು ಹೆಂಡತಿಯನ್ನು ಕೇಳಿದ. ದೇವೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು. ಯಾರೋ ಕದ್ದಿರಬೇಕು ಎಂದು ನಿಂಗರಾಜ ಮೇಲಿನ ಬೀದಿಯವರ ಕಡೆ ಬೆರಳು ಮಾಡಲು ಶುರುಮಾಡಿದ.

ಆಗ ವಿಶಾಖ ಒಳಗೆ ಬಂದಳು. ನಾನು ಅವಳ ಕೈಯಲ್ಲಿದ್ದೆ, ಅರ್ಧ ನೀರು ತುಂಬಿಕೊಂಡು, ಅವಳ ನಡುಕಕ್ಕೆ ಅಲುಗುತ್ತ. ಅವಳು ಯಾರ ಮುಖವನ್ನೂ ನೋಡದೆ ಕಿಟಕಿಯ ಪಕ್ಕದ ಚಾಪೆಯ ಮೇಲೆ ಕೂತಳು. ಒಂದು ಗುಟುಕು ಕುಡಿದಳು.

"ಇನ್ನಾರೂ ಕುಡೀಬಾರ್ದು ಅಂತ ನೀನಂದಿದ್ದೆ ಕನಪ್ಪ" ಎಂದಳು. "ಬಂದಾಗಿಂದ ನಾನು ಕುಡೀತಿವ್ನಿ."

ಆಮೇಲೆ ಕೂಟದ ಕಡೆ ತಿರುಗಿ ಹೇಳಿದಳು. ಪುಸ್ತಕ ಓದುವ ದನಿಯಲ್ಲೇ, ಆದರೆ ಬಾಯಿ ಒಣಗಿ ಮಾತು ಅಂಟುತ್ತಿತ್ತು, ನಡುನಡುವೆ ನನ್ನನ್ನು ಎತ್ತಿ ಕುಡಿಯುತ್ತಿದ್ದಳು. ತಾನು ಹುಣಸೂರಿಗೆ ಹೋಗಿರಲಿಲ್ಲ. ನಾಲೆಯ ಹತ್ತಿರ ಕಾಲು ಜಾರಿರಲಿಲ್ಲ. ಗೋಡೆಯೊಳಗಿಂದ ಬೈಗುಳ ಕೇಳುತ್ತಿತ್ತು, ಬೈಯುವವರಿಗೆ ತನ್ನ ಜಾತಿಯೂ ಗೊತ್ತಿತ್ತು. ತಾನು ಇದ್ದದ್ದು ಮೈಸೂರಿನಲ್ಲಿ, ಮನಸ್ಸಿನ ಕಾಯಿಲೆಯ ವಾರ್ಡಿನಲ್ಲಿ. ಈಗ ದಿನಾ ಮಾತ್ರೆ ಇದೆ, ತನಗೆ ಓದಲು ಆಗುತ್ತದೆ, ಓದುವಾಗ ನೀರು ಬೇಕು.

"ನಿಂಗರಾಜಣ್ಣ, ನೀನಂತೀಯಲ್ಲ ಹುಚ್ಚಾಸ್ಪತ್ರೆ, ಅಲ್ಲೇ ಇದ್ದೆ" ಎಂದಳು. "ಮಂತ್ರಿಗಳು ಯಾರೂ ಇರ್ನಿಲ್ಲ. ನಮ್ಮಂತೋರೇ ಇದ್ದದ್ದು."

ಯಾರೂ ನಗಲಿಲ್ಲ. ಟೀ ಲೋಟಗಳು ಕೈಯಲ್ಲೇ ನಿಂತವು. ದೇವೀರಮ್ಮ ಆ ಲೋಟಗಳನ್ನೇ ನೋಡುತ್ತಿದ್ದಳು, ಒಂದೊಂದನ್ನೂ, ಯಾರು ಮೊದಲು ಕೆಳಗಿಡುತ್ತಾರೋ ಎಂದು. "ನಂಗೆ ಹೆದ್ರಿಕೆ ಕನ್ರಪ್ಪ" ಎಂದಳು, ಯಾರಿಗೋ ಎಂಬಂತೆ. "ಅದ್ಕೇ ಲೋಟ ಬ್ಯಾರೆ ಮಾಡ್ದೆ."

ಹೊನ್ನಯ್ಯ ಇಡೀ ಜೀವಮಾನ ಭಾಷಣ ಮಾಡಿದವನು. ಅವತ್ತು ನಡೆದು ಬಂದು ಮಗಳ ಎದುರು ಕುಕ್ಕರಗಾಲಲ್ಲಿ ಕೂತ. ಅವನ ಅಪ್ಪ ಅಂಗಳದಲ್ಲಿ ಕೂರುತ್ತಿದ್ದ ಹಾಗೆಯೇ. ನನ್ನನ್ನು ಅವಳ ಕೈಯಿಂದ ತೆಗೆದುಕೊಂಡ. ತಳದಲ್ಲಿ ಅವಳು ಕುಡಿದು ಉಳಿದ ಎಂಜಲು ನೀರಿತ್ತು. ಅವಳ ತುಟಿ ತಾಗಿದ ಕಡೆಯೇ ತುಟಿ ಇಟ್ಟು ಅಷ್ಟನ್ನೂ ಕುಡಿದ. ಅವನ ಗಂಟಲು ಏರಿ ಇಳಿಯಿತು. ಎಷ್ಟೋ ವರ್ಷ ನನ್ನನ್ನು ತೋರಿಸುತ್ತ ಬಂದವನ ತುಟಿ ನನಗೆ ಅದೇ ಮೊದಲು ಸೋಕಿದ್ದು.

"ನನ್ನ ಮಗಳಿಗೆ ಮನಸಿನ ಕಾಯಿಲೆ" ಎಂದ, ಎದ್ದು ನಿಂತು. "ಮುಚ್ಚಿಟ್ಟೋನು ನಾನು. ಈ ಮನೇಲಿ ಟೀ ಕುಡಿಯಕ್ಕೆ ಆಗ್ದೋರು ಎದ್ದೋಗ್ಬೋದು. ಕೂತ್ಕಳೋರು ಕೂತ್ಕಳಿ, ಅವಳು ಓದ್ತಾಳೆ."

ಇಬ್ಬರು ಎದ್ದು ಹೋದರು. ಸುಳ್ಳು ಹೇಳುವುದಿಲ್ಲ, ಹೋದರು. ಅವರಲ್ಲಿ ಒಬ್ಬ ಹಿಂದೆ ಗಾಜಿನ ಲೋಟಕ್ಕಾಗಿ ಹೊನ್ನಯ್ಯನ ಜೊತೆ ಏಟು ತಿಂದವನು. ಉಳಿದವರು ಕುಡಿದರು. ನಿಂಗರಾಜ ತನ್ನ ಲೋಟವನ್ನು ಬರಿದು ಮಾಡಿ, ದೇವೀರಮ್ಮನ ಕಡೆ ಚಾಚಿ, ಇನ್ನಷ್ಟು ಹಾಕು ಅಂದ. ಎಲ್ಲ ಮುಗಿದು ಜನ ಚದುರಿದ ಮೇಲೂ ಅವನು ಬಾಗಿಲಲ್ಲೇ ನಿಂತಿದ್ದ. "ಇಸಾಕವ್ವ, ಮೈಸೂರ್‍ನಾಗೆ ಆ ಡಾಕ್ಟರಮ್ಮ ಯಾವ ವಾರ ಇರ್ತಾರೆ?" ಎಂದು ಕೇಳಿದ. ಸ್ವಲ್ಪ ತಡೆದು, "ನಮ್ಮವ್ವುಂಗೆ" ಎಂದ.

ನನ್ನನ್ನು ಮತ್ತೆ ಮೊಳೆಗೆ ಹಾಕಲಿಲ್ಲ. ವಿಶಾಖ ತಂತಿಯನ್ನೂ ಬಿಚ್ಚಿ ಬಿಸಾಡಿದಳು. ಅವಳೀಗ ಸ್ಟೀಲು ಲೋಟದಲ್ಲಿ ಕುಡಿಯುತ್ತಾಳೆ. ಅದೇ ಲೋಟದಲ್ಲಿ ದೇವೀರಮ್ಮನೂ ಕುಡಿಯುತ್ತಾಳೆ, ಒಮ್ಮೊಮ್ಮೆ ಕೈ ತಡೆದರೂ. ಕಾಯಿಲೆ ಪೂರ್ತಿ ಹೋಗಿದೆ ಎಂದೇನಲ್ಲ. ಗೋಡೆ ಮತ್ತೆ ಪಿಸುಗುಟ್ಟಿದ ದಿನ ಅವಳು ಅದನ್ನು ಅಪ್ಪನಿಗೆ ಹೇಳುತ್ತಾಳೆ, ಅಪ್ಪ ಬಸ್ಸಿಗೆ ಹೊರಡುತ್ತಾನೆ. ಅಷ್ಟೇ. ಜ್ವರ ಬಂದವರನ್ನು ಕರೆದುಕೊಂಡು ಹೋಗುವ ಹಾಗೆ.

ನನಗೆ ವಯಸ್ಸಾಯಿತು. ಮೈಯೆಲ್ಲ ತಗ್ಗು, ತಳದಲ್ಲಿ ಸಣ್ಣದೊಂದು ತೂತು ಬಿದ್ದು ನೀರು ನಿಲ್ಲುವುದಿಲ್ಲ. ಗುಜರಿಯವನು ಬಂದಾಗ ದೇವೀರಮ್ಮ ನನ್ನನ್ನು ಕೈಗೆತ್ತಿಕೊಂಡು, ಹಾಗೇ ಕೆಳಗಿಟ್ಟಳು. ಮುಂದಿನ ಕಿಟಕಿಯಲ್ಲಿ, ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ, ನಾನು ಬಾಯಿ ಮೇಲೆ ಮಾಡಿ ಕೂತಿದ್ದೇನೆ. ವಿಶಾಖಳ ಮಾತ್ರೆಗಳು ನನ್ನಲ್ಲೇ ಇರುತ್ತವೆ. ಮಾತ್ರೆಗೆ ತೂತು ಲೆಕ್ಕಕ್ಕಿಲ್ಲ. ಯಾರಾದರೂ ಅದೇನು ಎಂದು ಕೇಳಿದರೆ ಅವಳು ಹೇಳುತ್ತಾಳೆ.

ನನ್ನಲ್ಲಿ ಇನ್ನಾರೂ ಕುಡಿಯಲಾರರು. ಹೊನ್ನಯ್ಯನ ಮಾತು ಅಂತೂ ನಡೆಯಿತು. ಆದರೆ ಒಂದು ಲೋಟ ತೂತಾದರೆ ಪದ್ಧತಿ ತೂತಾಗುವುದಿಲ್ಲ ಎನ್ನುವುದನ್ನು ಎರಡು ಸಲ ಕಂಡವನು ನಾನು. ಮೊದಲ ಸಲ ಊರು ನನ್ನನ್ನು ಗೂಡಿನಲ್ಲಿ ಇಟ್ಟಿತು. ಎರಡನೆಯ ಸಲ ಇಟ್ಟವಳು ಹೆತ್ತ ತಾಯಿ, ಪ್ರೀತಿಯಿಂದಲೇ ಇಟ್ಟಳು. ನಿಮ್ಮ ಅಡುಗೆಮನೆಯ ಕಿಟಕಿಯಲ್ಲೂ ಬೋರಲಾಗಿ ಬಿದ್ದಿರುವ ಒಂದು ಲೋಟ ಇದ್ದೀತು, ನೋಡಿ. ಇದ್ದರೆ, ಅದನ್ನು ಯಾರಿಗೆ ಕೊಡುತ್ತೀರೋ ಅವರ ಎದುರು ಕೂತು ಒಂದು ಸಲ ನೀವೇ ಅದರಲ್ಲಿ ಕುಡಿದು ನೋಡಿ.