ಮರೆತ ಪೆಟ್ಟಿಗೆ

ತೊಂಬತ್ತಮೂರರ ಭೂಕಂಪದ ನಂತರ ನನ್ನ ಹೆಂಡತಿ ಮುಕ್ತಾಬಾಯಿ ಮನೆಯೊಳಗೆ ಮಲಗಲಿಲ್ಲ. ಸಾಸ್ತೂರಿನ ಹಳೆಯ ಮನೆಯ ಕಲ್ಲುಮಣ್ಣಿನಡಿ ನಮ್ಮ ಮಗಳು ಹೋದಳು. ಹೊಸ ಮನೆ ಗಟ್ಟಿಯಾಗಿದ್ದರೂ ಮುಕ್ತಾಬಾಯಿಯ ಹೊರಸು ಅಂಗಳದ ತಗಡಿನ ಚಪ್ಪರದಲ್ಲೇ ಇರುತ್ತಿತ್ತು. ಈ ವರ್ಷ ಕೆಮ್ಮು ಎದೆಗೆ ಇಳಿಯಿತು. ಚಳಿಗಾಲ ಮುಗಿಯುವವರೆಗೆ ಒಳಗೆ ಮಲಗಲೇಬೇಕು ಎಂದು ಉಮರ್ಗಾದ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಅವಳು ಒಪ್ಪಲಿಲ್ಲ.

ನಮ್ಮ ಮಗನ ಮಗಳು ವಿಜಯಶ್ರೀ ಉಮರ್ಗಾದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಾಳೆ. ಅವಳು ಅಂಗೈಯಗಲದ ಒಂದು ಎಫ್‌ಪಿಜಿಎ ಬೋರ್ಡ್ ತಂದಳು. ಅದರ ಚಿಪ್ಪಿಗೆ ತನ್ನದೆಂಬ ಕೆಲಸವಿಲ್ಲ. ಕಂಪ್ಯೂಟರಿನಿಂದ ಇಳಿಸಿದ ಪ್ರೋಗ್ರಾಮಿನಂತೆ ಗಡಿಯಾರವೂ ಆಗುತ್ತದೆ, ಗಂಟೆಯೂ ಆಗುತ್ತದೆ. ಗೋಡೆಗೆ ಸೆನ್ಸರ್ ಅಂಟಿಸಿ, ಬೋರ್ಡನ್ನು ಪೆಟ್ಟಿಗೆಯಲ್ಲಿಟ್ಟಳು.

“ನೆಲ ಅಲುಗಿದ್ರ ಇದು ಗಂಟಿ ಹೊಡದಂಗ ಒದರ್ತದ, ಆಯಿ. ಹಸಿರು ದೀಪ ಉರೀತಿದ್ರ ಎಚ್ಚರ ಅದ ಅಂತ ತಿಳಿ.”

“ನೀ ಒದರಿದ್ರ ಏಳಂಗಿಲ್ಲ ನಾ, ಇದು ಒದರಿದ್ರ ಏಳ್ತೀನೇನು?” ಎಂದಳು ಮುಕ್ತಾಬಾಯಿ. ಆದರೂ ದೀಪ ಉರಿದರೆ ಒಳಗೆ ಮಲಗುವೆನೆಂದು ಮಾತು ಕೊಟ್ಟಳು.

ದೀಪ ಉರಿಯಲಿಲ್ಲ. ಬೋರ್ಡ್ ಸಿಗುತ್ತಿಲ್ಲ ಎಂದು ಕಂಪ್ಯೂಟರ್ ಹೇಳುತ್ತಲೇ ಇತ್ತು. ವಿಜಯಶ್ರೀ ಹಚ್ಚಿದ್ದು ಮೊಬೈಲ್ ಚಾರ್ಜಿಂಗಿನ ವೈರು. ಕರೆಂಟು ಹಾಯುತ್ತಿತ್ತು, ಮಾಹಿತಿ ಹಾಯುತ್ತಿರಲಿಲ್ಲ. ಬೇರೆ ವೈರು ತಂದ ಮೇಲೆ ಮತ್ತೊಂದು ತಪ್ಪು: ನೀವು ಹೇಳಿದ ಚಿಪ್ ಇದಲ್ಲ.

“ನಿನ್ನ ಪೆಟ್ಟಿಗಿ ನಿನ್ನಂಗೇ ಮೊಂಡ ಅದ,” ಎಂದು ಹೊರಸಿನಿಂದ ಮುಕ್ತಾಬಾಯಿ ನಕ್ಕಳು.

ನನ್ನ ಭೂತಗನ್ನಡಿ ಹಿಡಿದು ಚಿಪ್ಪಿನ ಮೇಲಿನ ಸಣ್ಣ ಅಕ್ಷರ ಓದಿದಾಗ ತಿಳಿಯಿತು. ಅದೇ ಜಾತಿಯ ದೊಡ್ಡ ಚಿಪ್ಪಿನ ಹೆಸರನ್ನು ವಿಜಯಶ್ರೀ ಕಂಪ್ಯೂಟರಿನಲ್ಲಿ ಆರಿಸಿದ್ದಳು. ಸರಿಪಡಿಸಿದಳು, ದೀಪ ಹತ್ತಿತು. ಮುಕ್ತಾಬಾಯಿ ಪೆಟ್ಟಿಗೆಗೆ ವಿಭೂತಿ ಹಚ್ಚಿ ಒಳಗೆ ಮಲಗಿದಳು. ಕೆಮ್ಮು ಇಳಿಯತೊಡಗಿತು. ಲಿಂಗಪೂಜೆಯಲ್ಲಿ ನಾನು ಶಿವನಲ್ಲಿ ಬೇರೇನೂ ಕೇಳಲಿಲ್ಲ.

ಒಂದು ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಪೆಟ್ಟಿಗೆ ಒದರಿತು. ಹಿಂದೆಯೇ ಗೋಡೆಯ ಹಲಗೆಯ ಮೇಲಿನ ತಾಟುಗಳು ಗಲಗಲಿಸಿದವು. ಎಲ್ಲರೂ ಅಂಗಳಕ್ಕೆ ಓಡಿದೆವು. ನೆಲ ನಡುಗಿದರೆ ಕೊನೆಗೆ ಹೊರಬರುವವರು ಮೇನ್ ಸ್ವಿಚ್ ಎಳೆಯುವುದು ನಮ್ಮ ಮನೆಯ ನೇಮ; ಭೂಕಂಪದ ವರ್ಷ ಹರಿದು ಬಿದ್ದ ತಂತಿಗಳನ್ನು ನೋಡಿದವರು ನಾವು. ಮುಕ್ತಾಬಾಯಿ ಎಳೆದೇ ಬಂದಳು.

“ಖೋಡಿ, ನಿನ್ನ ಪೆಟ್ಟಿಗಿ ಭಾಳ ಶ್ಯಾಣ್ಯಾ ಅದ!” ಎಂದು ಮೊಮ್ಮಗಳ ಬೆನ್ನು ತಟ್ಟಿದಳು. ನೆಲ ನಡುಗಿದ ದಿನ ಅವಳು ನಕ್ಕಿದ್ದನ್ನು ನಾನು ಮೊದಲ ಸಲ ಕಂಡೆ.

ಮೇನ್ ಹಾಕಿದಾಗ ಬಲ್ಬುಗಳು ಹತ್ತಿದವು. ಹಸಿರು ದೀಪ ಹತ್ತಲಿಲ್ಲ.

ವಿಜಯಶ್ರೀ ಪೆಟ್ಟಿಗೆ ತೆರೆದು ನೋಡಿದಳು. “ಕೆಟ್ಟಿಲ್ಲ ಆಯಿ, ಮರ್ತದ. ಕರೆಂಟ್ ಹೋದ್ರ ಈ ಚಿಪ್ ಹೇಳಿಕೊಟ್ಟಿದ್ದೆಲ್ಲ ಮರೀತದ. ಬಾಜೂಕಿನ ಮೆಮೊರಿಯೊಳಗ ಬರದಿಡಬೇಕಿತ್ತು. ಮನ್ಯಾಗ ಇನ್ವರ್ಟರ್ ಅದ, ಕರೆಂಟ್ ಹೋಗಂಗಿಲ್ಲ ಅಂದ್ಕೊಂಡಿದ್ದೆ.”

ಇನ್ವರ್ಟರಿನ ತಂತಿಯೂ ಅದೇ ಮೇನಿನಲ್ಲಿ ಹಾದುಬರುತ್ತದೆ; ಮೇನ್ ಎಳೆದರೆ ಅದೂ ನಿಲ್ಲುತ್ತದೆ. ಹೆದರಿಕೆಯಿಂದ ನಾವೇ ಹಾಗೆ ಮಾಡಿಸಿದ್ದೆವು.

“ಒಮ್ಮಿ ನಡುಗಿದ ನೆಲ ಮತ್ತ ನಡುಗ್ತದ,” ಎಂದಳು ಮುಕ್ತಾಬಾಯಿ. “ಒಂದ್ಸಲ ಒದರಿ ಮರೆಯೋದನ್ನ ನಂಬಿ ಮಲಗ್ಲೇನು?”

ಹಾಸಿಗೆ ಸುತ್ತಿ ಚಪ್ಪರಕ್ಕೆ ನಡೆದಳು. ನಾನು ಕೈಮುಗಿದೆ. “ನೀವು ಒಳಗ ಮಲಗ್ರಿ. ನಾ ಬರಂಗಿಲ್ಲ,” ಎಂದಳು. ನಾನೂ ಅವಳ ಪಕ್ಕದಲ್ಲೇ ಹಾಸಿಕೊಂಡೆ.

ಬೆಳಗಾಗುವುದರೊಳಗೆ ವಿಜಯಶ್ರೀ ಮೆಮೊರಿಯಲ್ಲಿ ಬರೆದಿದ್ದಳು. ಅಜ್ಜಿಯನ್ನು ಕರೆದು ಮೇನ್ ಎಳೆದಳು, ಹಾಕಿದಳು. ದೀಪ ತಾನಾಗಿ ಹತ್ತಿತು.

“ನೋಡ ಆಯಿ, ಇನ್ನ ಮರೆಯಂಗಿಲ್ಲ.”

“ನಿನ್ನಿನೂ ಉರೀತಿತ್ತಲ್ಲವ್ವಾ,” ಎಂದಷ್ಟೇ ಹೇಳಿ ಮುಕ್ತಾಬಾಯಿ ಹೊರಗೆ ಹೋದಳು.

ಆ ವಾರ ಮಾಕಣಿಯ ಕೆರೆಯ ಕಡೆಯಿಂದ ಕೊರೆಯುವ ಗಾಳಿ ಬೀಸಿತು. ಕೆಮ್ಮು ಜ್ವರವಾಯಿತು. ಉಮರ್ಗಾದ ದವಾಖಾನೆಗೆ ಹೋದವಳು ಜೀವಂತ ಮರಳಿ ಬರಲಿಲ್ಲ. ನಮ್ಮ ಪದ್ಧತಿಯಂತೆ ಹೊಲದಲ್ಲಿ ಕುಳ್ಳಿರಿಸಿ, ಕೈಯಲ್ಲಿ ಲಿಂಗವಿಟ್ಟು ಮಣ್ಣು ಕೊಟ್ಟೆವು. ಮಣ್ಣಿಗೆ ಹೆದರಿ ಬದುಕಿದವಳ ಮೇಲೆ ಮೊದಲ ಹಿಡಿ ಮಣ್ಣು ಹಾಕಿದ್ದು ನಾನು.

ಪೆಟ್ಟಿಗೆ ಗೋಡೆಯ ಮೇಲೇ ಇದೆ. ಕಾಲೇಜಿನಿಂದ ಬಂದೊಡನೆ ವಿಜಯಶ್ರೀ ಮೇನ್ ಎಳೆಯುತ್ತಾಳೆ, ಹಾಕುತ್ತಾಳೆ. ದೀಪ ಹತ್ತುತ್ತದೆ. ಮತ್ತೆ ಎಳೆಯುತ್ತಾಳೆ.

“ಸಾಕವ್ವಾ,” ಎನ್ನುತ್ತೇನೆ.

“ಇನ್ನೊಮ್ಮಿ ನೋಡ್ತೀನಿ, ಮುತ್ಯಾ.”

ಕತ್ತಲಲ್ಲಿ ಅವಳ ಕೈ ಸ್ವಿಚ್ಚಿನ ಮೇಲೆಯೇ ಇರುತ್ತದೆ.