ರೂಥವ್ವನ ವೋಟು

ರಾಜೂರಿನ ಅನ್ನಪೂರ್ಣಾಳಿಗೆ ಅಮೇರಿಕಾದ ಕ್ಯಾನ್ಸಸ್‌ನ ರೂಥ್ ಪರಿಚಯವಾದದ್ದು ಜೋಳದಿಂದ. ಒಂದು ಸಂಜೆ ಅನ್ನಪೂರ್ಣಾ ಮೊಬೈಲಿನಲ್ಲಿ ಸುಮ್ಮನೆ ಏನೇನೋ ನೋಡುತ್ತ ಕುಳಿತಿದ್ದಾಗ ಕಣ್ಣು ಹಾಯುವವರೆಗೂ ಕೆಂಪು ತೆನೆ ತುಂಬಿದ ಹೊಲವೊಂದು ಬಂತು. ಮನೆಯಷ್ಟು ದೊಡ್ಡ ಯಂತ್ರ ಅದನ್ನು ಕೊಯ್ಯುತ್ತಿತ್ತು. ಬಣ್ಣ ಬೇರೆ, ನಿಲುವು ಗಿಡ್ಡ, ಆದರೂ ಅದು ಜೋಳವೇ. ವಿಡಿಯೋದ ಕೆಳಗೆ ಅವಳು ಕನ್ನಡದಲ್ಲೇ ‘ಇದು ನಮ್ಮ ಜ್ವಾಳ’ ಎಂದು ಬರೆದಳು. ಮರುದಿನ ಅದಕ್ಕೆ ಉತ್ತರ ಬಂದಿತ್ತು.

ರೂಥ್ ಎಪ್ಪತ್ತು ದಾಟಿದ ವಿಧವೆ. ಆ ಹೊಲ ಅವಳದು. ಅವರ ಕಡೆ ಜೋಳವನ್ನು ದನಗಳಿಗೆ ಹಾಕುತ್ತಾರಂತೆ. ಅದರ ರೊಟ್ಟಿ ತಿನ್ನುವವರೂ ಇದ್ದಾರೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅನ್ನಪೂರ್ಣಾ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ರೊಟ್ಟಿ ಬಡಿದು ತೋರಿಸಿದಳು. ರೂಥ್ ಬಡಿದ ರೊಟ್ಟಿ ಅಂಗೈಯಲ್ಲೇ ನಾಲ್ಕು ತುಂಡಾಯಿತು. ಇಬ್ಬರೂ ನಕ್ಕರು. ಅಲ್ಲಿಂದ ಗೆಳೆತನ ಶುರುವಾಯಿತು.

ಇಬ್ಬರ ಮಾತನ್ನೂ ಆಚೆಯಿಂದ ಈಚೆಗೆ ದಾಟಿಸುತ್ತಿದ್ದುದು ಮೊಬೈಲು. ರೂಥ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅದು ರೇಡಿಯೋ ವಾರ್ತೆಯ ಕನ್ನಡದಲ್ಲಿ ಹೇಳುತ್ತಿತ್ತು. ಅನ್ನಪೂರ್ಣಾ ‘ಹ್ಯಾಂಗದೀರಿ’ ಅಂದರೆ ಅದಕ್ಕೆ ತಿಳಿಯುತ್ತಿರಲಿಲ್ಲ. ಹಾಗಾಗಿ ಅವಳು ಸಾಲಿಯಲ್ಲಿ ಪಾಠ ಒಪ್ಪಿಸಿದಂತೆ ‘ನೀವು ಹೇಗಿದ್ದೀರಿ’ ಎನ್ನುವುದನ್ನು ರೂಢಿ ಮಾಡಿಕೊಂಡಳು. ಇಲ್ಲಿ ಸಂಜೆಯಾದರೆ ಅಲ್ಲಿ ಬೆಳಗು. ಗಜೇಂದ್ರಗಡದ ಗುಡ್ಡದ ಹಿಂದೆ ಇಳಿದ ಸೂರ್ಯ ಸ್ವಲ್ಪ ಹೊತ್ತಿಗೆ ರೂಥಳ ಅಡುಗೆಮನೆಯ ಕಿಟಕಿಯಲ್ಲಿ ಏರುತ್ತಿದ್ದ. ಅದನ್ನು ನೋಡುವಾಗಲೆಲ್ಲ ಅನ್ನಪೂರ್ಣಾಳ ಮೈ ಹಗುರಾಗುತ್ತಿತ್ತು. ಮಧ್ಯಾಹ್ನ ಹೊಲದ ಬೇವಿನ ನೆರಳಲ್ಲಿ ಅಡ್ಡಾದಾಗ ಎಷ್ಟೋ ಸಲ ಅವಳಿಗೆ ಒಂದೇ ಕನಸು ಬೀಳುತ್ತಿತ್ತು. ತನ್ನ ಹೊಲದ ಜೋಳದೊಳಗೆ ಅವಳು ನಡೆಯುತ್ತ ಹೋಗುತ್ತಾಳೆ, ದಂಟು ಸರಿಸುತ್ತ ಸರಿಸುತ್ತ ಮುಂದೆ ಹೋದಂತೆ ಬಿಳಿ ತೆನೆಗಳು ಕೆಂಪಾಗುತ್ತವೆ, ಕೊನೆಯ ಸಾಲು ದಾಟಿದರೆ ಎದುರಿಗೆ ರೂಥಳ ಬಿಳಿ ಮನೆ. ಎಚ್ಚರಾದ ಮೇಲೂ ಕಾಲಿಗೆ ಅಲ್ಲಿಯ ಮಣ್ಣು ಹತ್ತಿದೆಯೇನೋ ಅನ್ನಿಸುತ್ತಿತ್ತು.

ಆ ವರ್ಷ ರೂಥಳ ದೇಶದಲ್ಲಿ ದೊಡ್ಡ ಚುನಾವಣೆ ಇತ್ತು. ಅನ್ನಪೂರ್ಣಾ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಹಚ್ಚಿದವಳು ಶಹನಾಜ.

ಶಹನಾಜ ಅವಳ ಸಾಲಿಯ ಗೆಳತಿ. ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಅವಳ ಗಂಡ ಮಾಬುಸಾಬ ಕೊಲ್ಲಿಯ ದೇಶವೊಂದರ ಬಂದರಿನಲ್ಲಿ ಲಾರಿ ಓಡಿಸುತ್ತಿದ್ದ. ಅಕ್ಟೋಬರದ ಒಂದು ದಿನ ಅನ್ನಪೂರ್ಣಾ ಕುಪ್ಪಸ ಹೊಲಿಯಲು ಕೊಡಲು ಹೋದಾಗ ಶಹನಾಜ ಮಷೀನು ನಿಲ್ಲಿಸಿ ಕೈ ಕಟ್ಟಿಕೊಂಡು ಕುಳಿತಿದ್ದಳು.

“ನಿನ್ನ ರೂಥವ್ವನ ದೇಶದಾಗ ಎಲೆಕ್ಷನ್ ಐತಂತಲ್ಲ,” ಎಂದಳು. “ನಿಂತವ್ರಾಗ ಒಬ್ಬಾಂವ ಯುದ್ಧದ ಹಡಗ ಕಳಸ್ತೀನಿ ಅಂತಾನಂತ. ಆಂವ ಆರಿಸಿ ಬಂದ್ರ ಮೊದಲ ನಮ್ಮವರು ಇರೂ ಬಂದರದ ಮ್ಯಾಲ ಬಾಂಬ ಬೀಳತಾವ ಅಂತ ಅಲ್ಲೆಲ್ಲಾ ಮಾತಾಡಾಕತ್ತಾರಂತ. ರಜಾ ಕೇಳಿದ್ರ ಕೊಡವಲ್ರು.”

“ಇನ್ನೊಬ್ಬಾಂವ ಏನಂತಾನ?”

“ಕುಂತು ಮಾತಾಡೂನು ಅಂತಾನಂತ. ರೂಥವ್ವ ಯಾರಿಗೆ ಹಾಕ್ತಾಳ?”

ಅದು ಅನ್ನಪೂರ್ಣಾಳಿಗೆ ಗೊತ್ತಿರಲಿಲ್ಲ. ಆ ಸಂಜೆ ಕೇಳಿದಳು. ರೂಥ್ ಕಾಫಿ ಕುಡಿಯುತ್ತಿದ್ದಳು. ಮೊಬೈಲು ಹೇಳಿತು: “ನಾನು ಈ ಬಾರಿ ಮತ ಚಲಾಯಿಸುವುದಿಲ್ಲ. ನಮ್ಮ ಪ್ರದೇಶದಲ್ಲಿ ಫಲಿತಾಂಶ ಯಾವಾಗಲೂ ಒಂದೇ. ನನ್ನ ಒಂದು ಮತದಿಂದ ಏನೂ ಬದಲಾಗದು.” ಆಮೇಲೆ ರೂಥ್ ಕೊಯ್ಲಿನ ಮಾತು ತೆಗೆದಳು.

ಅನ್ನಪೂರ್ಣಾ ಇದನ್ನು ಗಂಡ ಕಳಕಪ್ಪನಿಗೆ ಹೇಳಿ, ಇನ್ನೊಮ್ಮೆ ಕೇಳಿ ನೋಡಲೇ ಎಂದಳು. ಕಳಕಪ್ಪ ಎತ್ತಿಗೆ ಮೇವು ಹಾಕುತ್ತಿದ್ದವನು ತಿರುಗಿ ನೋಡಿದ.

“ಅವರ ವೋಟಿನ ಉಸಾಬರಿ ನಮಗ್ಯಾಕ? ನಾಳೆ ಅಲ್ಲಿಂದ ಯಾರರೆ ಫೋನ್ ಹಚ್ಚಿ, ನಿಮ್ಮ ಪಂಚಾಯತಿಗೆ ಇಂಥವ್ರಿಗೆ ಹಾಕ್ರಿ ಅಂದ್ರ ನೀ ಸುಮ್ನಿರ್ತೀಯೇನ?”

“ಇರೂದಿಲ್ರಿ,” ಎಂದು ಅವಳು ಒಪ್ಪಿಕೊಂಡಳು. “ಆದ್ರ ನಮ್ಮ ಪಂಚಾಯತಿಗೆ ಯಾರ ಆರಿಸಿ ಬಂದ್ರೂ ಅವರ ಊರಾಗ ಬಾಂಬ ಬೀಳಂಗಿಲ್ಲಲ್ರಿ,” ಎಂದಳು.

ಕಳಕಪ್ಪ ಎತ್ತಿನ ಕಡೆ ತಿರುಗಿದ. ಮೇವು ಹಾಕಿ ಮುಗಿಸಿ, “ಮಾತಾಡೂದಾದ್ರ ನೆಟ್ಟಗ ಮಾತಾಡ. ಆಕಿ ಹಿರೇಮನಷಾಳು,” ಎಂದಷ್ಟೇ ಅಂದ.

ಚುನಾವಣೆಗೆ ಇನ್ನೂ ಒಂದು ವಾರವಿತ್ತು. ಗೆಳತಿಯರಿಬ್ಬರೂ ಸಂಜೆ ಗಜೇಂದ್ರಗಡದ ಗುಡ್ಡ ಹತ್ತಿ, ಕಾಲಕಾಲೇಶ್ವರನ ಗುಡಿಗೆ ಹೋಗುವ ಮೆಟ್ಟಿಲಿನ ಮೇಲೆ ಕುಳಿತರು. ಅಲ್ಲಿ ನೆಟ್‌ವರ್ಕ್ ಚಲೋ ಸಿಗುತ್ತಿತ್ತು. ಕೆಳಗೆ ಊರಿನ ಮಾಳಿಗೆಗಳು ಹೊಗೆಯಲ್ಲಿ ತೇಲುತ್ತಿದ್ದವು. ಯಾವುದೋ ಮನೆಯ ಮಗ್ಗದ ಸದ್ದು ಗಾಳಿ ಬಂದಾಗ ಕೇಳಿ, ಗಾಳಿ ಹೋದಾಗ ನಿಲ್ಲುತ್ತಿತ್ತು. ದೂರದ ಗುಡ್ಡಸಾಲಿನ ಮೇಲೆ ಕರೆಂಟು ಮಾಡುವ ಗಾಳಿ ಫ್ಯಾನುಗಳು ಅವಸರವಿಲ್ಲದೆ ತಿರುಗುತ್ತಿದ್ದವು. ಅವುಗಳನ್ನೇ ನೋಡುತ್ತ ಕುಳಿತರೆ, ತಿರುಗುತ್ತಿರುವುದು ಫ್ಯಾನುಗಳೋ ಭೂಮಿಯೋ ತಿಳಿಯುತ್ತಿರಲಿಲ್ಲ.

ರೂಥ್ ಫೋನೆತ್ತಿದಳು. ಅವಳ ಹಿಂದಿನ ಕಿಟಕಿಯಲ್ಲಿ ಬೆಳಗಿನ ಬೆಳಕು ಹಾಲಿನಂತಿತ್ತು. ಅನ್ನಪೂರ್ಣಾ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಪುಸ್ತಕದ ಕನ್ನಡದಲ್ಲಿ ಹೇಳಿದಳು: “ನಿಮ್ಮ ದೇಶದ ಚುನಾವಣೆ ನಮ್ಮವರ ಜೀವಕ್ಕೂ ಸಂಬಂಧಿಸಿದೆ. ದಯವಿಟ್ಟು ಮತ ಹಾಕಿ. ಯುದ್ಧ ಬೇಡ ಎನ್ನುವವರಿಗೆ ಹಾಕಿ.”

ರೂಥಳ ಮುಖ ಬಿಗಿಯಿತು. ಅವಳ ಮಾತು ಮುಗಿದ ಮೇಲೆ ಮೊಬೈಲು ಎಂದಿನ ಸಮಾಧಾನದ ದನಿಯಲ್ಲೇ ಹೇಳಿತು: “ನನ್ನ ಮತ ನನ್ನದು. ಹೊರಗಿನವರು ಅದರ ಬಗ್ಗೆ ಹೇಳುವುದು ನನಗೆ ಇಷ್ಟವಿಲ್ಲ.” ಆದರೆ ರೂಥಳ ಸ್ವಂತ ದನಿ ಏರಿದ್ದು ಇಬ್ಬರಿಗೂ ಕೇಳಿತ್ತು.

ಆಗ ಶಹನಾಜ ಮೊಬೈಲು ಇಸಿದುಕೊಂಡಳು.

“ಅವ್ವಾರ, ಯಾರಿಗೆ ಹಾಕ್ರಿ ಅಂತ ನಾ ಹೇಳಂಗಿಲ್ರಿ. ನಮ್ಮವರು ಆ ಬಂದರದಾಗ ಲಾರಿ ಹೊಡೀತಾರ್ರಿ. ಹಾಕೂ ಮುಂದ ಒಮ್ಮಿ ಅವರ ಮಾರಿ ನೆನಸ್ಕೋರಿ. ಅಷ್ಟ.” ಸೆರಗಿನಲ್ಲಿದ್ದ ಚಿಕ್ಕ ಫೋಟೋವನ್ನು ತೆರೆಯ ಮುಂದೆ ಹಿಡಿದಳು. ಮಾಬುಸಾಬ ಲಾರಿಯ ಬಾಗಿಲಿಗೆ ಒರಗಿ ನಗುತ್ತಿದ್ದ.

ಅವಳ ಮಾತು ಮೊಬೈಲಿಗೆ ಹತ್ತಲಿಲ್ಲ. ಅನ್ನಪೂರ್ಣಾ ಅದನ್ನೇ ನಿಧಾನವಾಗಿ, ಮೊಬೈಲಿಗೆ ತಿಳಿಯುವ ಹಾಗೆ ಹೇಳಿದಳು. ಕೇಳಿ ರೂಥ್ ಎದ್ದು ಹೋದಳು. ಖಾಲಿ ಕುರ್ಚಿ, ಕಿಟಕಿ, ಅದರಾಚೆ ಕೊಯ್ದು ಬರಿದಾದ ಹೊಲ ಮಾತ್ರ ಕಾಣುತ್ತಿದ್ದವು. ಫೋನು ಇಡುವುದೋ ಬೇಡವೋ ಎಂದು ಇವರು ನೋಡುತ್ತಿರುವಾಗ ಅವಳು ಗೋಡೆಯಿಂದ ಇಳಿಸಿದ ಚೌಕಟ್ಟೊಂದನ್ನು ಹಿಡಿದು ಬಂದಳು. ಅದರಲ್ಲಿ ಬಿಳಿ ಟೋಪಿಯ, ಇನ್ನೂ ಮೀಸೆ ಬಲಿಯದ ಹುಡುಗನಿದ್ದ.

“ಇವನು ಕೇಲಬ್. ನನ್ನ ಮಗಳ ಮಗ. ಯುದ್ಧದ ಹಡಗಿನಲ್ಲಿ ಕೆಲಸ ಮಾಡುತ್ತಾನೆ. ಕಳುಹಿಸಿದರೆ ಇವನನ್ನೇ ಕಳುಹಿಸುತ್ತಾರೆ.” ಮೊಬೈಲು ಒಂದು ಕ್ಷಣ ತಡೆದು ಮುಂದುವರಿಸಿತು. “ನನ್ನ ಪತಿ ಜೀವನವಿಡೀ ಒಂದೇ ಪಕ್ಷಕ್ಕೆ ಮತ ನೀಡಿದರು. ನಾನೂ ಅವರ ಜೊತೆಯಲ್ಲಿ ನೀಡಿದೆ. ಈಗ ಹಡಗು ಕಳುಹಿಸುತ್ತೇನೆ ಎನ್ನುವವರು ಅದೇ ಪಕ್ಷದವರು, ಅದಕ್ಕೆ ನೀಡಲು ನನಗೆ ಕೈ ಬರುವುದಿಲ್ಲ. ಬೇರೆಯದಕ್ಕೆ ನೀಡಿದರೆ ಅವರನ್ನು ಬಿಟ್ಟು ಹೋದಂತೆ ಅನಿಸುತ್ತದೆ. ಆದ್ದರಿಂದ ಮನೆಯಲ್ಲಿ ಇರುತ್ತೇನೆ.”

ಮೆಟ್ಟಿಲಿನ ಮೇಲೆ ಕತ್ತಲು ಇಳಿಯುತ್ತಿತ್ತು. ಅನ್ನಪೂರ್ಣಾ ಪುಸ್ತಕದ ಮಾತುಗಳನ್ನು ಹುಡುಕಿ ಹುಡುಕಿ ಕೇಳಿದಳು: “ನಿಮ್ಮ ಯಜಮಾನರು ಇಂದು ಇದ್ದು ಈ ಹುಡುಗನ ಫೋಟೋ ನೋಡಿದ್ದರೆ ಏನು ಮಾಡುತ್ತಿದ್ದರು?”

ರೂಥ್ ಬಹಳ ಹೊತ್ತು ಚೌಕಟ್ಟಿನ ಗಾಜನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದಳು. ಆಮೇಲೆ ತೆರೆ ಕಪ್ಪಾಯಿತು.

ಮುಂದಿನ ದಿನಗಳಲ್ಲಿ ಅವಳಿಂದ ಫೋನು ಬರಲಿಲ್ಲ. ಅನ್ನಪೂರ್ಣಾ ಮಾಡಿದರೂ ಎತ್ತಲಿಲ್ಲ. ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿತ್ತು, ಕಳೆ ತೆಗೆಯುವ ಕೆಲಸವಿತ್ತು. ಕಳೆ ಕೀಳುವ ಕುರ್ಚಿಗಿ ಆಡಿಸುತ್ತ ಆಡಿಸುತ್ತ ಅವಳ ಕೈ ನಿಂತುಬಿಡುತ್ತಿತ್ತು. ಮುದುಕಿಯ ಮನಸ್ಸು ನೋಯಿಸಿದೆನಲ್ಲ ಎಂದು ಕೊರಗಿದಳು. ಬೇವಿನ ನೆರಳಲ್ಲಿ ಮಲಗಿದರೂ ಕನಸು ಬೀಳಲಿಲ್ಲ.

ಚುನಾವಣೆಯ ದಿನ ಸಂಜೆ ಒಂದು ವಿಡಿಯೋ ಬಂತು. ರೂಥ್ ತನ್ನ ಹಳೆಯ ಪಿಕಪ್ ಗಾಡಿ ತಾನೇ ಓಡಿಸುತ್ತಿದ್ದಳು. ಮೊಬೈಲು ಗಾಜಿನ ಹತ್ತಿರ ಎಲ್ಲೋ ಸಿಕ್ಕಿಸಿದ್ದಿರಬೇಕು, ರಸ್ತೆಯೇ ಕಾಣುತ್ತಿತ್ತು. ಎರಡೂ ಬದಿ ಬರಿ ಹೊಲ, ಮೇಲೆ ಬರಿ ಆಕಾಶ, ನಡುವೆ ಎಳೆದ ಗೆರೆಯಂಥ ದಾರಿ. ಮಂಜು ನೆಲಕ್ಕೆ ಹತ್ತಿಕೊಂಡೇ ಹರಿಯುತ್ತಿತ್ತು, ಗಾಡಿ ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು. ಕೊನೆಗೆ ಒಂದು ಸಣ್ಣ ಬಿಳಿ ಚರ್ಚು, ಅದರ ಮುಂದೆ ನಾಲ್ಕೈದು ಗಾಡಿಗಳು. ಅಲ್ಲಿಗೆ ವಿಡಿಯೋ ಮುಗಿಯಿತು. ಬೆನ್ನ ಹಿಂದೆಯೇ ಇನ್ನೊಂದು ಬಂತು. ಅದರಲ್ಲಿ ರೂಥ್ ಮತಗಟ್ಟೆಯಾಗಿದ್ದ ಆ ಚರ್ಚಿನ ಗೋಡೆಗೆ ಒರಗಿ ನಿಂತಿದ್ದಳು. ಕೋಟಿನ ಮೇಲೆ ಮತ ಹಾಕಿದವರಿಗೆ ಕೊಡುವ ಚೀಟಿ ಅಂಟಿತ್ತು. ಕಣ್ಣು ಕೆಂಪಾಗಿದ್ದವು. ಯಾರಿಗೆ ಹಾಕಿದೆ ಎಂದು ಅವಳು ಹೇಳಲಿಲ್ಲ. “ಇಬ್ಬರ ಮುಖವನ್ನೂ ನೆನೆದೆ,” ಎಂದಷ್ಟೇ ಹೇಳಿದಳು.

ಅನ್ನಪೂರ್ಣಾ ಅದನ್ನು ಶಹನಾಜಳಿಗೆ ಕಳಿಸಿದಳು. ಶಹನಾಜ ಅಂಗಡಿ ಮುಚ್ಚಿ, ಕತ್ತರಿಸಿದ ಬಟ್ಟೆಗಳ ನಡುವೆ ಕುಳಿತು ಅದನ್ನು ಮತ್ತೆ ಮತ್ತೆ ನೋಡಿದಳಂತೆ.

ಫಲಿತಾಂಶ ಬಂತು. ಹಡಗು ಕಳಿಸುತ್ತೇನೆ ಎಂದವನೇ ಗೆದ್ದ. ರೂಥಳ ಪ್ರದೇಶವೂ ಎಂದಿನಂತೆ ಅವನ ಪಕ್ಷದ ಕಡೆಗೇ ಬಿದ್ದಿತ್ತು.

“ಹಂಗಾದ್ರ ಆಕಿ ಹೋಗಿದ್ದು ಏನ ಬಂತ?” ಎಂದು ಶಹನಾಜ ಕೇಳಿದಳು. ಅನ್ನಪೂರ್ಣಾ ಅವಳ ಕೈ ಹಿಡಿದುಕೊಂಡು ಕುಳಿತಳು.

ಆದರೆ ಅದೇ ಸಂಜೆ ರೂಥ್ ಫೋನು ಮಾಡಿ ಮೊದಲು ಕೇಳಿದ್ದು ಶಹನಾಜಳನ್ನು. ಅಂದಿನಿಂದ ಅವರಿಬ್ಬರೂ ನೇರ ಮಾತಾಡತೊಡಗಿದರು. ಶಹನಾಜಳಿಗೂ ಪುಸ್ತಕದ ಕನ್ನಡ ರೂಢಿಯಾಯಿತು. “ಕೇಲಬ್ ಊಟ ಮಾಡಿದನೇ?” ಎಂದು ಅವಳು ಕೇಳುವಳು. ಮಾಬುಸಾಬನಿಗೆ ರಾತ್ರಿ ಪಾಳಿಯೋ ಹಗಲು ಪಾಳಿಯೋ ಎಂದು ರೂಥ್ ಕೇಳುವಳು. ಹೊಸಬ ಅಧಿಕಾರಕ್ಕೆ ಬಂದ ಮೇಲೆ ಹಡಗುಗಳು ಹೊರಟವು. ಆದರೆ ಬಾಂಬು ಬೀಳಲಿಲ್ಲ. ಮಾತುಕತೆ ನಡೆದಿದೆ ಎಂದು ಒಂದು ದಿನ, ಮುರಿಯಿತು ಎಂದು ಮರುದಿನ ಸುದ್ದಿ ಬರುತ್ತಿತ್ತು. ಮೂವರೂ ಹೆಂಗಸರು ಹಾಗೆಯೇ ಒಂದೊಂದೇ ದಿನ ದಾಟಿದರು.

ಬೇಸಿಗೆಯ ಬಿಸಿ ಏರತೊಡಗಿದಾಗ ಮಾಬುಸಾಬ ಒಂದು ಫೋಟೋ ಕಳಿಸಿದ. ಲಾರಿ ನಿಲ್ಲಿಸಿ, ಬಂದರಿನ ಕಟ್ಟೆಯ ಮೇಲಿಂದ ತೆಗೆದದ್ದು. ಸಮುದ್ರವೂ ಆಕಾಶವೂ ಒಂದೇ ಬೂದು ಬಣ್ಣ. ಎರಡೂ ಸೇರುವ ಕಡೆ ಹಡಗೊಂದು ತೇಲುತ್ತಿದೆಯೋ ನಿಂತಿದೆಯೋ ಗೊತ್ತಾಗದಂತೆ ಇತ್ತು. ಅದು ಯಾವ ಹಡಗು, ಅದರಲ್ಲಿ ಯಾರಿದ್ದಾರೆ ಎಂದು ಅವನಿಗೂ ಗೊತ್ತಿರಲಿಲ್ಲ.

ಶಹನಾಜ ಅದನ್ನು ರೂಥಳಿಗೆ ಕಳಿಸಿ, ಫೋನು ಮಾಡಿ, “ಇದು ಕೇಲಬ್‌ನ ಹಡಗೇ?” ಎಂದು ಕೇಳಿದಳು. ಅನ್ನಪೂರ್ಣಾ ಪಕ್ಕದಲ್ಲೇ ಕುಳಿತಿದ್ದಳು. ರೂಥ್ ಕನ್ನಡಕ ಹಾಕಿಕೊಂಡು, ಫೋಟೋ ದೊಡ್ಡದು ಮಾಡಿ, ಮತ್ತೆ ದೊಡ್ಡದು ಮಾಡಿ ನೋಡಿದಳು. ಹಡಗು ಬೂದು ಚುಕ್ಕೆಗಳಾಗಿ ಒಡೆಯುವವರೆಗೂ ನೋಡಿದಳು.

“ಇರಬಹುದು,” ಎಂದಿತು ಮೊಬೈಲು.

“ಇರಬಹುದ್ರಿ, ಅವ್ವಾರ,” ಎಂದಳು ಶಹನಾಜ.